ಬಳ್ಳಾರಿಯ ಸಂಸದರೂ ಕಾಳಗಿಯ ಶಾಲಾಕೋಣೆಯೂ

ಕಾಳಗಿಯಲ್ಲಿ ನಿಮಗೆ ವಿಶ್ವಸಂಸ್ಥೆಯ ಪಾಠ ಹೇಳುವಾಗ ಅದರ ಸಂಸ್ಥೆಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಆ ಪಟ್ಟಿಯ ಹಿಂದೆ ನಮ್ಮ ನಾಡಿನೊಡನೆ ನಂಟಿದ್ದ ಒಬ್ಬರ ಹೋರಾಟವಿದೆಯೆಂದು ನನಗೇ ತಿಳಿದಿರಲಿಲ್ಲ. ಆ ಲೋಪವನ್ನು ಇಂದು ತಿದ್ದಿಕೊಳ್ಳುತ್ತಿದ್ದೇನೆ.

ಅವರು ಡಾ. ವಿ.ಕೆ.ಆರ್.ವಿ. ರಾವ್. 1908ರಲ್ಲಿ ಕಾಂಚೀಪುರದಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ ಭಾರತದ ರಾಷ್ಟ್ರೀಯ ವರಮಾನವನ್ನು ಕುರಿತು ಸಂಶೋಧನೆ ನಡೆಸಿದವರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದರು. ಕೇಂದ್ರ ಶಿಕ್ಷಣ ಸಚಿವರೂ ಆಗಿದ್ದರು.

1949ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ರಾವ್ ಒಂದು ಸಲಹೆಯನ್ನು ಮುಂದಿಟ್ಟರು. ವ್ಯಾಪಾರದ ಲೆಕ್ಕಾಚಾರದ ಸಾಲಕ್ಕೆ ಒಗ್ಗದ, ಆದರೆ ಬಡರಾಷ್ಟ್ರಗಳಿಗೆ ಅತ್ಯಗತ್ಯವಾದ ಕೆಲಸಗಳಿಗೆ ಸುಲಭ ಷರತ್ತಿನ ದೀರ್ಘಾವಧಿ ಸಾಲ ಕೊಡುವ ಸಂಸ್ಥೆಯೊಂದು ವಿಶ್ವಸಂಸ್ಥೆಯಲ್ಲೇ ಇರಬೇಕೆಂಬುದು ಅದರ ತಿರುಳು. ಶ್ರೀಮಂತ ರಾಷ್ಟ್ರಗಳು ಒಪ್ಪಲಿಲ್ಲ. ಚರ್ಚೆ ಹತ್ತು ವರ್ಷ ಎಳೆಯಿತು. ಉದ್ದೇಶಿತ ನಿಧಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅನ್‌ಫೆಡ್’, ಎಂದರೆ ‘ಉಣದವನು’ ಎಂದಾಗುತ್ತಿತ್ತು. ಮುಜುಗರ ತಪ್ಪಿಸಲು ‘ವಿಶೇಷ’ ಎಂಬ ಪದ ಸೇರಿಸಿ ‘ಸನ್‌ಫೆಡ್’ ಮಾಡಿದರು!

ಕೊನೆಗೆ 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ, ಅರ್ಥಾತ್ ಐಡಿಎ, ಹುಟ್ಟಿತು. ಆರಂಭದಲ್ಲಿ ಅದರ ಸಾಲಕ್ಕೆ ಬಡ್ಡಿಯಿರಲಿಲ್ಲ; ಶೇ. 0.75 ಸೇವಾಶುಲ್ಕ, ಮರುಪಾವತಿಗೆ 50 ವರ್ಷ ಇತ್ತು. ಆದರೆ ಅದು ಹುಟ್ಟಿದ್ದು ವಿಶ್ವಬ್ಯಾಂಕಿನ ಮಡಿಲಲ್ಲಿ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ವಿಶ್ವಬ್ಯಾಂಕಿನಲ್ಲಿ ಹಣವಿದ್ದವರಿಗೆ ಹೆಚ್ಚು ಮತ. ರಾವ್ ಅವರ ಗೆಲುವು ಅರ್ಧ ಗೆಲುವೇ ಸರಿ.

ಇದಕ್ಕೂ ನಮಗೂ ಏನು ಸಂಬಂಧ? 1990ರ ದಶಕದ ಉತ್ತರಾರ್ಧದಲ್ಲಿ ಡಿಪಿಇಪಿ ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಎರಡನೆಯ ಹಂತ ಗುಲ್ಬರ್ಗಾ ಜಿಲ್ಲೆಗೂ ಬಂದಿತು. ಅದರ ಹಣದಲ್ಲಿ ಐಡಿಎ ಸಾಲವಿತ್ತು. ಹಾಗೆ ಕಟ್ಟಿದ ಕೋಣೆಗಳಲ್ಲಿ ಅಕ್ಷರ ಕಲಿತ ಮಕ್ಕಳೇ ಮುಂದೆ ನನ್ನ ತರಗತಿಗೆ ಬಂದರು. ನಿಮ್ಮಲ್ಲಿ ಕೆಲವರು ಅವರೇ.

ರಾವ್ 1991ರಲ್ಲಿ ನಿಧನರಾದರು. ಆ ಕೋಣೆಗಳನ್ನು ನೋಡಲಿಲ್ಲ. ಅವರು ಕೇಳಿದ್ದು ಭಿಕ್ಷೆಯನ್ನಲ್ಲ, ತೀರಿಸಬಹುದಾದ ಸಾಲವನ್ನು. ಹಣದ ಸಾಲವನ್ನು ಸರ್ಕಾರ ತೀರಿಸುತ್ತದೆ. ಕಲಿತ ಸಾಲವನ್ನು ತೀರಿಸಬೇಕಾದವರು ನಾವು; ನಮ್ಮೂರಿನ ಇನ್ನೊಂದು ಮಗುವಿಗೆ ಕಲಿಸಿ.