ಎಂ.ಎ. ತರಗತಿಯೊಳಗಣ ಸಂಶೋಧನೆ: ಕನ್ನಡದ ಮಟ್ಟಿಗೆ ಒಂದು ಸಮೀಕ್ಷೆ

ಎಂ.ಎ.ಯನ್ನೂ ಪಿಎಚ್.ಡಿ.ಯನ್ನೂ ಒಂದೇ ವ್ಯಾಸಂಗವಾಗಿ ಹೊಂದಿಸುವ, ಅಥವಾ ಎಂ.ಎ. ಮುಗಿಯುವುದಕ್ಕೆ ಮೊದಲೇ ವಿದ್ಯಾರ್ಥಿಯನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಮಾತು ಬಂದಾಗಲೆಲ್ಲ, ಇದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಹುಟ್ಟಿದ ನೂತನ ವಿಚಾರವೆಂದು ಕೆಲವರೂ, ವಿಜ್ಞಾನದವರಿಗೆ ಒಪ್ಪುವ, ಸಾಹಿತ್ಯಕ್ಕೆ ಸಲ್ಲದ ಏರ್ಪಾಡೆಂದು ಮತ್ತೆ ಕೆಲವರೂ ವಾದಿಸುವುದನ್ನು ಕೇಳುತ್ತ ಬಂದಿದ್ದೇನೆ. ಈ ಎರಡು ಪಕ್ಷದವರೂ ಮರೆತಿರುವ ಸಂಗತಿಯೆಂದರೆ, ಎಂ.ಎ. ತರಗತಿಯಲ್ಲೇ ಸಂಶೋಧಕನನ್ನು ಸಿದ್ಧಗೊಳಿಸುವ ಪದ್ಧತಿ, ಯಾವ ನಿಯಮಾವಳಿಯ ಆಸರೆಯೂ ಇಲ್ಲದೆ, ಕನ್ನಡದಲ್ಲಿ ಬಹುಕಾಲ ಬಾಳಿತ್ತೆಂಬುದು. ದೂರದ ನಿದರ್ಶನಗಳೂ ಬೇಡ. ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಹುಟ್ಟಿದ ಮೂವರು ವಿದ್ವಾಂಸರನ್ನು ನೆನೆದರೆ ಅದರ ಚರಿತ್ರೆಯ ಬಹುಭಾಗ ಕಣ್ಣಮುಂದೆ ಬರುತ್ತದೆ.

ಆದಿಕಾಲದ ವೃತ್ತಾಂತವನ್ನು ಚುಟುಕಾಗಿ ಮುಗಿಸಬಹುದು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆರಂಭವಾದುದು 1927ರಲ್ಲಿ, 1929ರಲ್ಲಿ ತೇರ್ಗಡೆಯಾದವರಲ್ಲಿ ಕೆ.ವಿ. ಪುಟ್ಟಪ್ಪನವರೂ ಡಿ.ಎಲ್. ನರಸಿಂಹಾಚಾರ್ಯರೂ ಇದ್ದರು. ಆ ತಲೆಮಾರಿಗೆ ಎಂ.ಎ.ಯೇ ವಿದ್ಯೆಯ ಪರಮಾವಧಿ. ಮುಂದೆ ಪುಟ್ಟಪ್ಪನವರ ಮಾರ್ಗದರ್ಶನದಲ್ಲಿ ಜಿ.ಎಸ್. ಶಿವರುದ್ರಪ್ಪನವರು ‘ಸೌಂದರ್ಯ ಸಮೀಕ್ಷೆ’ಯನ್ನು ಬರೆದರು, ತೀ.ನಂ. ಶ್ರೀಕಂಠಯ್ಯನವರ ಬಳಿ ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ನಡೆಸಿ 1964ರಲ್ಲಿ ಡಾಕ್ಟರೇಟ್ ಪಡೆದರು. ತಾವು ಆ ಪದವಿಯ ಹಂಗಿಗೆ ಹೋಗದವರೇ ಶಿಷ್ಯರಿಗೆ ಅದನ್ನು ಕೊಡಿಸಿದರೆಂಬುದು, ಮಾರ್ಗದರ್ಶಕನ ಅರ್ಹತೆಯನ್ನು ಅಂಕಗಳಲ್ಲಿ ಅಳೆಯುವ ಇಂದಿನವರು ಒಮ್ಮೆ ಚಿಂತಿಸಬೇಕಾದ ವಿಷಯ.

ಈ ಪರಂಪರೆಯ ಶ್ರೇಷ್ಠ ಫಲಗಳಲ್ಲೊಬ್ಬರು ಕನಕಪುರ ಸೀಮೆಯ ಹಾರೋಹಳ್ಳಿಯಲ್ಲಿ 1933ರಲ್ಲಿ ಜನಿಸಿದ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳು. ಕನ್ನಡದ ನೇಮಿನಾಥ ಪುರಾಣಗಳ ತೌಲನಿಕ ಅಧ್ಯಯನ ಅವರ ಮಹಾಪ್ರಬಂಧ. ಕರ್ಣಪಾರ್ಯನ ಚಂಪುವನ್ನು, ನೇಮಿಚಂದ್ರನು ಅರ್ಧಕ್ಕೇ ನಿಲ್ಲಿಸಿದ ಕಾವ್ಯವನ್ನು, ಮಂಗರಸನ ಸಾಂಗತ್ಯವನ್ನು ಎದುರಿಗಿರಿಸಿಕೊಂಡು, ಒಂದೇ ತೀರ್ಥಂಕರನ ಕಥೆ ಕವಿಯಿಂದ ಕವಿಗೆ ಎಲ್ಲಿ ಹಿಗ್ಗಿತು, ಎಲ್ಲಿ ಕುಗ್ಗಿತು ಎಂದು ನಿರ್ಣಯಿಸಬೇಕಾದವನಿಗೆ ಹಳಗನ್ನಡವೂ ಛಂದಸ್ಸೂ ಸಂಸ್ಕೃತವೂ ಮೊದಲೇ ಕರಗತವಾಗಿರಬೇಕು. ಆ ಸಿದ್ಧತೆ ನಡೆಯುತ್ತಿದ್ದುದು ಎಂ.ಎ.ಯ ಗ್ರಂಥಸಂಪಾದನೆಯ ತರಗತಿಯಲ್ಲಿ: ಓಲೆಗರಿಯ ಪ್ರತಿಗಳಿಗೆ ಕ, ಖ, ಗ ಎಂದು ಸಂಕೇತವಿಟ್ಟು, ಒಂದೊಂದು ಪದ್ಯವನ್ನೂ ಪ್ರತಿಯಿಂದ ಪ್ರತಿಗೆ ಹೋಲಿಸಿ, ಸ್ವೀಕೃತ ಪಾಠವನ್ನು ಮೇಲೂ ಪಾಠಾಂತರಗಳನ್ನು ಪುಟದ ಅಡಿಯಲ್ಲೂ ಬರೆದು, ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ಗುರುವಿನ ಮುಂದೆ ಸಮರ್ಥಿಸಿಕೊಳ್ಳಬೇಕಾಗಿತ್ತು. ಇದನ್ನು ಎರಡು ವರ್ಷ ಮಾಡಿದವನು ಸಂಶೋಧನೆಗೆ ಹೆಸರು ನೋಂದಾಯಿಸಿದ ದಿನವೇ ಅರ್ಧ ದಾರಿ ಸವೆಸಿರುತ್ತಿದ್ದನು.

ಈ ಸಾಧನೆಗೆ ಸಂಸ್ಥೆಯ ರೂಪ ಕೊಟ್ಟವರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯವರಾದ ದೇ. ಜವರೇಗೌಡರು. 1966ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾದಾಗ ಅದರ ನಿರ್ದೇಶಕರಾಗಿ, ಅನಂತರ ಕುಲಪತಿಗಳಾಗಿ, ಬೋಧನೆ, ಸಂಪಾದನೆ, ಶಾಸನ, ಜಾನಪದ, ವಿಶ್ವಕೋಶಗಳನ್ನು ಒಂದೇ ಸೂರಿನಡಿ ತಂದರು. ಎಂ.ಎ. ವಿದ್ಯಾರ್ಥಿ ತರಗತಿಯಿಂದ ಹೊರಬಂದರೆ ಶಾಸನದ ಅಚ್ಚನ್ನು ಓದುತ್ತಿದ್ದವರ ಮೇಜಿಗೆ ಹತ್ತು ಹೆಜ್ಜೆ. ‘ಸಂಯೋಜಿತ ವ್ಯಾಸಂಗ’ವೆಂಬ ಬಿರುದು ಅದಕ್ಕಿರಲಿಲ್ಲವಾದರೂ ಸಂಯೋಜನೆ ಮಾತ್ರ ಪೂರ್ಣವಾಗಿತ್ತು.

ನಮ್ಮ ತಲೆಮಾರಿನವರು ಕಣ್ಣುಬಿಟ್ಟದ್ದು ಬೆಂಗಳೂರಿನಲ್ಲಿ, ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ ಕನ್ನಡ ಅಧ್ಯಯನ ಕೇಂದ್ರದ ಪ್ರಭಾವಲಯದಲ್ಲಿ. ಮೈಸೂರಿನ ಪಾಂಡಿತ್ಯಕ್ಕೆ ಇಲ್ಲಿ ಊರುಕೇರಿಯ ಅನುಭವ ಕೂಡಿತು. ಪಕ್ಷಪಾತವೆಂದರೂ ಸರಿಯೇ, ಕನ್ನಡ ಸಂಶೋಧನೆಯ ಅತ್ಯಂತ ಜೀವಂತ ಘಟ್ಟ ಇದೆಂದೇ ನನ್ನ ಎಣಿಕೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರು ಅಲ್ಲಿ ಎಂ.ಎ. ಓದಿ, ಶಿವರುದ್ರಪ್ಪನವರ ಮಾರ್ಗದರ್ಶನದಲ್ಲೇ ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ನಡೆಸಿದರು. ಊರವರು ಗುಡಿಗೆ ಸೂರು ಹೊದಿಸಹೊರಟಾಗ ಮೈದುಂಬಿ ಬಂದು, ನಿಮಗೆಲ್ಲರಿಗೂ ಮನೆಯಿದೆಯೇ ಎಂದು ಕೇಳಿ, ಇಲ್ಲದವರಿರುವಾಗ ತನಗೂ ಬೇಡವೆಂದ ಮನೆಮಂಚಮ್ಮನ ಕಥೆಯನ್ನು ಅವರ ಬಾಯಿಂದ ಕೇಳಿದವರು ಅನೇಕರು. ಇಂಥ ದೈವಗಳ ಪರಿಚಯ ಪ್ರವೇಶ ಪರೀಕ್ಷೆಯಿಂದ ಬರುವಂಥದಲ್ಲ. ಸಂಶೋಧಕನು ಬಾಲ್ಯದಿಂದ ಹೊತ್ತುತಂದ ಅನುಭವವನ್ನು ಎಂ.ಎ. ಹಂತದಲ್ಲೇ ಗುರುತಿಸಿ, ಇದೇ ನಿನ್ನ ವಿಷಯವೆಂದು ಹೇಳಬಲ್ಲ ಗುರು ಬೇಕು.

ಅನಂತರದ ಕಾಲದಲ್ಲಿ ಎಂ.ಎ.ಗೂ ಪಿಎಚ್.ಡಿ.ಗೂ ನಡುವೆ ಎಂ.ಫಿಲ್. ನಿಂತಿತು. ಬಡ್ತಿಗಾಗಿ ಬರೆದ ಸಪ್ಪೆ ಪ್ರಬಂಧಗಳು ಅದರಿಂದ ಹೇರಳವಾಗಿ ಬಂದುವೆಂಬುದು ನಿಜ. ಹಳ್ಳಿಯ ಕಾಲೇಜಿನ ಅಧ್ಯಾಪಕನಿಗೆ ವಿಧಿವತ್ತಾದ ಸಂಶೋಧನೆಯ ಮೊದಲ ಪಾಠ ಅಲ್ಲೇ ಆಯಿತೆಂಬುದೂ ಅಷ್ಟೇ ನಿಜ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳು ಪ್ರವೇಶ ಪರೀಕ್ಷೆಯನ್ನೂ ಕೋರ್ಸ್‌ವರ್ಕನ್ನೂ ಕಡ್ಡಾಯಗೊಳಿಸಿದುವು, 2022ರವು ಎಂ.ಫಿಲ್. ಅನ್ನೇ ರದ್ದುಗೊಳಿಸಿ, ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಅಂಕ ಪಡೆದವರಿಗೆ ನೇರವಾಗಿ ಪಿಎಚ್.ಡಿ.ಯ ಬಾಗಿಲು ತೆರೆದುವು.

ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ, ಬಿ.ಎಸ್ಸಿ. ಮುಗಿಸಿದವರನ್ನು ಸಮಗ್ರ ಪಿಎಚ್.ಡಿ.ಗೆ ಸೇರಿಸಿಕೊಳ್ಳುವ ಕ್ರಮವನ್ನು ಎಂದೋ ರೂಢಿಗೆ ತಂದಿವೆ. ಅಲ್ಲಿ ಶಿಷ್ಯವೇತನ ಪ್ರವೇಶದೊಂದಿಗೇ ಆರಂಭವಾಗುತ್ತದೆ. ಸ್ನಾತಕೋತ್ತರ ಪದವಿ ಹಾದಿಯಲ್ಲೇ ಲಭಿಸುತ್ತದೆ. ಕನ್ನಡದ ಮಟ್ಟಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎಂ.ಎ., ಪಿಎಚ್.ಡಿ. ಸಂಯೋಜಿತ ವ್ಯಾಸಂಗವನ್ನು ಆರಂಭಿಸಿದ್ದು ಗಮನಾರ್ಹವಾದರೂ, ಆ ಪ್ರಯೋಗ ಪಡೆಯಬೇಕಾದಷ್ಟು ಚರ್ಚೆಯನ್ನು ಪಡೆದಿಲ್ಲ.

ರಾಜ್ಯದ ಧೋರಣೆಯಾದರೋ ಓಲಾಡುತ್ತಲೇ ಇದೆ. 2021ರಲ್ಲಿ ದೇಶದಲ್ಲೇ ಮೊದಲಾಗಿ ಹೊಸ ನೀತಿಯನ್ನು ಅಳವಡಿಸಿಕೊಂಡ ಕರ್ನಾಟಕ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಪರಿಣಾಮವಾಗಿ ನಮ್ಮ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಐದು ವರ್ಷ ಓದಿ ತಲುಪುವ ಹೊಸ್ತಿಲನ್ನು ಬೇರೆಡೆಯವನು ನಾಲ್ಕೇ ವರ್ಷದಲ್ಲಿ ತಲುಪಬಲ್ಲನು. ಮೂರು ವರ್ಷವೇ ಲೇಸೆಂಬ ನಿರ್ಧಾರದಲ್ಲಿ ಬಡವರ ಮೇಲಿನ ಕಾಳಜಿಯಿದೆಯೆಂದು ಒಪ್ಪೋಣ. ಆದರೆ ಉಳಿದೆರಡು ವರ್ಷಗಳ ಎಂ.ಎ.ಯೊಳಗೆ ಏನು ನಡೆಯಬೇಕೆಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಹಸ್ತಪ್ರತಿಯನ್ನು ಕಣ್ಣಾರೆ ಕಾಣದೆಯೇ ಎಂ.ಎ. ಮುಗಿಸಿದವರು ನನ್ನಲ್ಲಿಗೆ ಮಾರ್ಗದರ್ಶನ ಕೋರಿ ಬಂದಿದ್ದಾರೆ, ದೋಷ ಅವರದಲ್ಲ.

ಆ ಮೂವರು ವಿದ್ವಾಂಸರು ಹುಟ್ಟಿದ ಸೀಮೆಗಳ ನಡುವಣ ರಾಮನಗರದಲ್ಲೇ ಈಗ ಸ್ನಾತಕೋತ್ತರ ಕೇಂದ್ರವಿದೆ. ಅದೇ ಊರಿನ ಮಗ್ಗುಲಲ್ಲಿ, ಮೈಸೂರು ರಸ್ತೆಯ ಬದಿಯಲ್ಲಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿನ ವಸ್ತುಗಳು, ಧ್ವನಿಮುದ್ರಣಗಳು, ಅಲ್ಲಿಗೆ ಬಂದುಹೋಗುವ ಕಲಾವಿದರು, ಇವೆಲ್ಲ ಒಂದು ವಿಶ್ವವಿದ್ಯಾನಿಲಯದ ಜಾನಪದ ವಿಭಾಗಕ್ಕೆ ಸಾಲುವ ಸಾಮಗ್ರಿ. ಎಂ.ಎ. ಎರಡನೆಯ ವರ್ಷದಲ್ಲೇ ಅಲ್ಲಿನ ಒಂದು ಸಂಗ್ರಹವನ್ನು ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿ, ಅದರ ಮೇಲೆ ಅವಳು ಬರೆದ ಪ್ರಬಂಧವನ್ನು ಕೋರ್ಸ್‌ವರ್ಕಿಗೆ ಎಣಿಸಿಕೊಂಡು, ವಿಜ್ಞಾನದವರಿಗೆ ಸಲ್ಲುವ ಶಿಷ್ಯವೇತನವನ್ನು ಅವಳಿಗೂ ಆಗಿನಿಂದಲೇ ಸಲ್ಲಿಸಿದರೆ, ಹೊಸ ಪದವಿಯ ಹೆಸರಾಗಲಿ ಹೊಸ ಕಟ್ಟಡವಾಗಲಿ ಬೇಕಾಗದು. ಎಂ.ಎ. ಆಯಿತಲ್ಲ, ಇನ್ನು ಮದುವೆ ಎನ್ನುವ ಮನೆಗಳಲ್ಲಿ ತಿಂಗಳ ಶಿಷ್ಯವೇತನಕ್ಕಿರುವ ಬಲ ಉಪದೇಶಕ್ಕಿಲ್ಲ. ಪ್ರಾಯಶಃ ಚಕ್ಕೆರೆ, ಹಾರೋಹಳ್ಳಿ, ಮಂಚನಬೆಲೆಗಳ ಸಾಲಿಗೆ ಸೇರಬೇಕಾದ ನಾಲ್ಕನೆಯ ಹೆಸರು ಇದುವರೆಗೆ ಬಾರದಿರುವುದಕ್ಕೆ ಪ್ರತಿಭೆಯ ಕೊರತೆಗಿಂತ ಈ ವ್ಯವಸ್ಥೆಯ ಕೊರತೆಯೇ ಹೆಚ್ಚಿನ ಕಾರಣವೆಂದು ನಾನು ಭಾವಿಸುತ್ತೇನೆ.