ಖಗೋಳ ವಿಜ್ಞಾನದ ಮೊದಲ ಕಾಲೇಜು ಕೋರ್ಸ್: ಏನು ಕಲಿಸುತ್ತಾರೆ, ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ?

ಋತುಗಳು ಬದಲಾಗುವುದೇಕೆ? ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು ನೀವು ಥಟ್ಟನೆ ಉತ್ತರಿಸಿದರೆ ಬೇಸರ ಬೇಡ. ನಿಮ್ಮ ಜೊತೆಗೆ ಹಾರ್ವರ್ಡ್ ಪದವೀಧರರೂ ಇದ್ದಾರೆ. 'ಎ ಪ್ರೈವೇಟ್ ಯೂನಿವರ್ಸ್' ಎಂಬ 1987ರ ಸಾಕ್ಷ್ಯಚಿತ್ರಕ್ಕಾಗಿ ಆ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಪದವೀಧರರು, ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳಿಗೆ ಋತುಗಳ ಬಗ್ಗೆ ಅಥವಾ ಚಂದ್ರನ ವೃದ್ಧಿ-ಕ್ಷಯದ ಬಗ್ಗೆ ಪ್ರಶ್ನೆ ಕೇಳಲಾಯಿತು. 23 ಮಂದಿಯಲ್ಲಿ 21 ಮಂದಿಯ ಉತ್ತರದಲ್ಲಿ ತಪ್ಪು ಕಲ್ಪನೆಗಳಿದ್ದವು.

ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ದೆಹಲಿಯಲ್ಲಿ ಜನ ಸ್ವೆಟರ್ ಹಾಕಿಕೊಂಡು ನಡುಗುವಾಗ. ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ಜುಲೈ ಮೊದಲ ವಾರದಲ್ಲಿ ಅದು ಸುಮಾರು 15.2 ಕೋಟಿ ಕಿ.ಮೀ. ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ.

ಇದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೂ ತಪ್ಪು ಉತ್ತರವೇ ಮನಸ್ಸಿನಲ್ಲಿ ಉಳಿದಿರುತ್ತದೆ. ಉತ್ತರವನ್ನು ಬಾಯಿಪಾಠ ಮಾಡಿಸುವ ಬದಲು 'ಇದು ಹೇಗೆ ಗೊತ್ತಾಯಿತು' ಎಂದು ಕೇಳುವುದನ್ನು ಕಲಿಸುವುದೇ ಒಳ್ಳೆಯ ಪ್ರಾರಂಭಿಕ ಖಗೋಳ ಕೋರ್ಸ್‌ನ ಕೆಲಸ.

ಯಾರಿಗಾಗಿ ಈ ಕೋರ್ಸ್?

ಅಮೆರಿಕದ ಕಾಲೇಜುಗಳಲ್ಲಿ ಇದು 'ಆಸ್ಟ್ರೋ 101' ಎಂದೇ ಪ್ರಸಿದ್ಧ. ಇತಿಹಾಸ, ವಾಣಿಜ್ಯ, ಪತ್ರಿಕೋದ್ಯಮ ಓದುವವರೂ ಪದವಿಗೆ ಬೇಕಾದ ವಿಜ್ಞಾನದ ಕ್ರೆಡಿಟ್‌ಗಾಗಿ ಇದನ್ನು ಆಯ್ದುಕೊಳ್ಳುತ್ತಾರೆ. ಅವರಲ್ಲಿ ಅನೇಕರ ಪಾಲಿಗೆ ಇದೇ ಜೀವನದ ಕೊನೆಯ ವಿಜ್ಞಾನ ತರಗತಿ. ಭಾರತದಲ್ಲಿ ಖಗೋಳ ವಿಜ್ಞಾನ ಹೆಚ್ಚಾಗಿ ಭೌತಶಾಸ್ತ್ರ ಪದವಿಯ ಐಚ್ಛಿಕ ವಿಷಯವಾಗಿಯೇ ಇತ್ತು. ಬೇರೆ ವಿಭಾಗದ ವಿಷಯವನ್ನೂ ಕಲಿಯಬಹುದೆಂಬ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಿಂದ ಕಲಾ, ವಾಣಿಜ್ಯ ವಿದ್ಯಾರ್ಥಿಗಳಿಗೂ ಬಾಗಿಲು ತೆರೆಯುತ್ತಿದೆ.

ಹೆಸರು ನೋಂದಾಯಿಸುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. ಈ ಕೋರ್ಸ್‌ನಲ್ಲಿ ಎರಡು ಬಗೆ ಇದೆ. ಒಂದು ಎಲ್ಲರಿಗೂ ಆಗುವಂಥದ್ದು, ಹೈಸ್ಕೂಲಿನ ಬೀಜಗಣಿತ ಸಾಕು. ಇನ್ನೊಂದು ವಿಜ್ಞಾನ ವಿದ್ಯಾರ್ಥಿಗಳಿಗಾಗಿ, ಅದಕ್ಕೆ ಕಲನಶಾಸ್ತ್ರ ಮತ್ತು ಭೌತಶಾಸ್ತ್ರ ಬೇಕು. ಹೆಸರು ನೋಡಿ ಎರಡನೆಯದಕ್ಕೆ ಸೇರಿ ಸೆಮಿಸ್ಟರ್ ಮಧ್ಯದಲ್ಲಿ ಕಂಗಾಲಾಗುವುದು ಬೇಡ. ಅಂದಹಾಗೆ, ಇಲ್ಲಿ ಜಾತಕ, ರಾಶಿಫಲ ಇರುವುದಿಲ್ಲ. ಖಗೋಳ ವಿಜ್ಞಾನ ಬೇರೆ, ಫಲಜ್ಯೋತಿಷ್ಯ ಬೇರೆ.

ಪಠ್ಯದಲ್ಲಿ ಏನಿರುತ್ತದೆ?

ಸಾಮಾನ್ಯವಾಗಿ ನಾಲ್ಕು ಭಾಗಗಳು. ಮೊದಲು ಬರಿಗಣ್ಣಿಗೆ ಕಾಣುವ ಆಕಾಶ: ಹಗಲು-ರಾತ್ರಿ, ಋತು, ಗ್ರಹಣ. ಎರಡನೆಯದು ಸೌರಮಂಡಲ. ಮೂರನೆಯದು ನಕ್ಷತ್ರಗಳ ಹುಟ್ಟು, ಬಾಳು, ಸಾವು. ಸೂರ್ಯನಿಗಿಂತ ಸುಮಾರು 1.4 ಪಟ್ಟು ಹೆಚ್ಚು ದ್ರವ್ಯರಾಶಿಯ ಶ್ವೇತಕುಬ್ಜ ನಕ್ಷತ್ರ ಉಳಿಯಲಾರದು ಎಂಬ 'ಚಂದ್ರಶೇಖರ್ ಮಿತಿ' ಬರುವುದು ಇಲ್ಲೇ. ನಕ್ಷತ್ರಗಳ ಕುರಿತ ಅಧ್ಯಯನಕ್ಕಾಗಿ ಎಸ್. ಚಂದ್ರಶೇಖರ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನಾಲ್ಕನೆಯ ಭಾಗದಲ್ಲಿ ನಮ್ಮ ಆಕಾಶಗಂಗೆ, ಇತರ ಗ್ಯಾಲಕ್ಸಿಗಳು ಮತ್ತು ವಿಶ್ವದ ವಿಸ್ತರಣೆ.

ಗಣಿತಕ್ಕೆ ಹೆದರಬೇಕೇ?

ಬೇಡ. ಒಂದು ಉದಾಹರಣೆ ನೋಡಿ. ಭೂಮಿ-ಸೂರ್ಯರ ಸರಾಸರಿ ದೂರವನ್ನು 1 ಎಂದು ಇಟ್ಟುಕೊಳ್ಳಿ. ಆಗ ಗುರು ಗ್ರಹದ ದೂರ 5.2. ಗ್ರಹದ ದೂರದ ಘನ, ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಬೇಕಾದ ವರ್ಷಗಳ ವರ್ಗಕ್ಕೆ ಸಮ ಎನ್ನುತ್ತದೆ ಕೆಪ್ಲರ್‌ನ ಮೂರನೇ ನಿಯಮ. 5.2ನ್ನು ಮೂರು ಬಾರಿ ಗುಣಿಸಿದರೆ ಸುಮಾರು 140.6. ಅದರ ವರ್ಗಮೂಲ ಸುಮಾರು 11.86. ಅಂದರೆ ಗುರು ಗ್ರಹದ ಒಂದು ಸುತ್ತಿಗೆ ಹೆಚ್ಚುಕಡಿಮೆ 12 ವರ್ಷ. ಗುರು ಕನ್ಯಾ ರಾಶಿ ಪ್ರವೇಶಿಸಿದಾಗ ನಡೆಯುವ ಕೃಷ್ಣಾ ಪುಷ್ಕರ 12 ವರ್ಷಕ್ಕೊಮ್ಮೆ ಬರುವುದರ ಹಿಂದಿನ ಲೆಕ್ಕ ಇದೇ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಅನುಪಾತ, ಹತ್ತರ ಘಾತಗಳು, ಏಕಮಾನಗಳ ಪರಿವರ್ತನೆ: ಈ ಮೂರನ್ನು ಮೊದಲ ವಾರದಲ್ಲೇ ಮತ್ತೆ ಅಭ್ಯಾಸ ಮಾಡಿಕೊಂಡರೆ ಅರ್ಧ ಕಷ್ಟ ಕಳೆದಂತೆ.

ಮುಟ್ಟದೆಯೇ ತಿಳಿಯುವುದು ಹೇಗೆ?

ಕೋರ್ಸ್‌ನ ಹೃದಯಭಾಗ ಬೆಳಕಿನ ಅಧ್ಯಾಯ. ನಕ್ಷತ್ರದ ತುಣುಕನ್ನು ಲ್ಯಾಬ್‌ಗೆ ತರಲಾಗದು, ನಮಗೆ ಸಿಗುವುದು ಅದರ ಬೆಳಕು ಮಾತ್ರ. ಅದನ್ನು ಬಣ್ಣಗಳಾಗಿ ಬಿಡಿಸಿದರೆ ಪ್ರತಿ ಮೂಲವಸ್ತುವೂ ತನ್ನದೇ ಗೆರೆಗಳನ್ನು ಬಿಟ್ಟಿರುತ್ತದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸ್‌ನ ಜಾನ್ಸೆನ್ ಆಂಧ್ರದ ಗುಂಟೂರಿನಿಂದ ನೋಡಿ, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳನ್ನು ಕಂಡರು. ಅದೇ ವರ್ಷ ಇಂಗ್ಲೆಂಡ್‌ನ ಲಾಕ್ಯರ್ ಅಧ್ಯಯನ ಮಾಡಿದ ಹಳದಿ ಗೆರೆಯೊಂದು ಆಗ ಗೊತ್ತಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿದ್ದು 1895ರಲ್ಲಿ.

ಮುಂದೆ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ ಈ ಗೆರೆಗಳಿಗೂ ನಕ್ಷತ್ರದ ಉಷ್ಣತೆಗೂ ಇರುವ ನಂಟನ್ನು ಬಿಡಿಸಿತು. ಅದನ್ನು ಬಳಸಿ ಸೆಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ ಎಂಬುದನ್ನು ಲೆಕ್ಕಹಾಕಿ ತೋರಿಸಿದರು. ಈ ಸರಪಳಿ ಅರ್ಥವಾದವರಿಗೆ ಪರೀಕ್ಷೆಯ ಪ್ರಶ್ನೆ ಹೇಗೆ ತಿರುಚಿ ಬಂದರೂ ಭಯವಿಲ್ಲ.

ಎಡವುವುದು ಎಲ್ಲಿ?

* ಸುಲಭ ಎಂಬ ಭ್ರಮೆ: ಚಂದದ ಚಿತ್ರಗಳ ಕೋರ್ಸ್ ಎಂದುಕೊಂಡು ಸೇರುವವರು ಮೊದಲ ಕಿರುಪರೀಕ್ಷೆಯಲ್ಲೇ ಬೆಚ್ಚುತ್ತಾರೆ. ಪಾಠಗಳು ಒಂದರ ಮೇಲೊಂದು ನಿಂತಿವೆ. ಬೆಳಕಿನ ಅಧ್ಯಾಯ ಬಿಟ್ಟವರಿಗೆ ನಕ್ಷತ್ರಗಳ ಅಧ್ಯಾಯ ಅರ್ಥವಾಗದು.

* ಬಾಯಿಪಾಠ: ಗ್ರಹಗಳ ವ್ಯಾಸ, ಉಪಗ್ರಹಗಳ ಸಂಖ್ಯೆ ಪಟ್ಟಿ ಮಾಡುವುದಕ್ಕಿಂತ ಗುರು ಏಕೆ ಅನಿಲದ ಉಂಡೆ, ಭೂಮಿ ಏಕೆ ಬಂಡೆ ಎಂದು ವಿವರಿಸಲು ಕಲಿಯಿರಿ.

* ಅಳತೆಯ ಗೊಂದಲ: ಜ್ಯೋತಿರ್ವರ್ಷ ಕಾಲವಲ್ಲ, ದೂರ. ಸೂರ್ಯನ ಬೆಳಕು ನಮ್ಮನ್ನು ತಲುಪಲು ಸುಮಾರು 8 ನಿಮಿಷ 20 ಸೆಕೆಂಡ್ ಸಾಕು. ಅದರ ನಂತರದ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಬರಲು 4.2 ವರ್ಷಕ್ಕೂ ಹೆಚ್ಚು ಬೇಕು.

* ತಲೆಕೆಳಗಾದ ಕಾಂತಿಮಾನ: ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಹೆಚ್ಚು. 1ನೇ ಕಾಂತಿಮಾನದ ನಕ್ಷತ್ರ 6ನೆಯದಕ್ಕಿಂತ 100 ಪಟ್ಟು ಪ್ರಕಾಶಮಾನ.

* ಆಕಾಶವನ್ನೇ ನೋಡದಿರುವುದು: ಸ್ಲೈಡ್ ನೋಡಿ ಪಾಸಾಗಬಹುದು. ಆದರೆ ಹಾರ್ವರ್ಡ್ ಪದವೀಧರರಂತೆ ತಪ್ಪು ಕಲ್ಪನೆ ಹಾಗೆಯೇ ಉಳಿಯುತ್ತದೆ.

ನಿಮ್ಮ ಊರಿನಲ್ಲೇ ಮಾಡಬಹುದಾದ ಪ್ರಯೋಗಗಳು

ಮುಂಬೈ, ದೆಹಲಿಯ ದೀಪಗಳ ನಡುವೆ ಹೆಚ್ಚು ನಕ್ಷತ್ರ ಕಾಣುವುದಿಲ್ಲ, ನಿಜ. ಆದರೆ ಚಂದ್ರನನ್ನು ಯಾವ ದೀಪವೂ ಮರೆಮಾಡದು. ಅಮಾವಾಸ್ಯೆಯ ನಂತರ ಒಂದು ತಿಂಗಳು ಚಂದ್ರನ ಆಕಾರ, ಕಂಡ ಹೊತ್ತು, ದಿಕ್ಕು ಬರೆದಿಡಿ. ಶುಕ್ಲಪಕ್ಷದ ಅಷ್ಟಮಿಯ ಸಂಜೆ 4ರ ಸುಮಾರಿಗೆ ಮೇಲೆ ನೋಡಿದರೆ ಅರ್ಧಚಂದ್ರ ಮತ್ತು ಸೂರ್ಯ ಇಬ್ಬರೂ ಆಕಾಶದಲ್ಲಿರುತ್ತಾರೆ. ಭೂಮಿಯ ನೆರಳು ಬೀಳುವುದು ಸೂರ್ಯನ ವಿರುದ್ಧ ದಿಕ್ಕಿಗೆ. ಹಾಗಾದರೆ ಚಂದ್ರನ ಕತ್ತಲ ಭಾಗ ಭೂಮಿಯ ನೆರಳು ಆಗಿರಲು ಸಾಧ್ಯವೇ? ಉತ್ತರ ನಿಮಗೇ ಹೊಳೆಯುತ್ತದೆ.

ಎರಡನೆಯದು ಶೂನ್ಯ ನೆರಳಿನ ದಿನ. ಸೂರ್ಯ ನೇರ ನೆತ್ತಿಯ ಮೇಲೆ ಬಂದಾಗ ನೆಟ್ಟಗೆ ನಿಂತ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಚೆನ್ನೈ ಮತ್ತು ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಆಸುಪಾಸು, ಹೈದರಾಬಾದ್‌ನಲ್ಲಿ ಮೇ 9ರ ಆಸುಪಾಸು, ಪುಣೆ ಮತ್ತು ಮುಂಬೈಯಲ್ಲಿ ಮೇ ಮಧ್ಯಭಾಗದಲ್ಲಿ. ಆಗಸ್ಟ್‌ಗೆ ಹತ್ತಿರ ಮತ್ತೊಮ್ಮೆ ಬಂದರೂ ಮಳೆಗಾಲದ ಮೋಡ ಅಡ್ಡ ಬರಬಹುದು. ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿರುವುದರಿಂದ ಅಲ್ಲಿ ಈ ದಿನ ಬರುವುದೇ ಇಲ್ಲ. ಬೇರೆ ಬೇರೆ ನಗರಗಳಲ್ಲಿರುವ ಬಂಧುಗಳು ಒಂದೇ ದಿನ ನೆರಳಿನ ಉದ್ದ ಅಳೆದು ಹೋಲಿಸಿದರೆ ಅಕ್ಷದ ಓರೆಯ ಪಾಠ ಮರೆಯುವುದಿಲ್ಲ. ನೆರಳನ್ನಷ್ಟೇ ನೋಡಿ, ಸೂರ್ಯನನ್ನು ನೇರವಾಗಿ ನೋಡಬೇಡಿ.

ಸಹಾಯ ಎಲ್ಲಿ ಸಿಗುತ್ತದೆ?

ಫ್ರಾಕ್ನಾಯ್, ಮಾರಿಸನ್ ಮತ್ತು ವುಲ್ಫ್ ಬರೆದ, ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿದ 'ಆಸ್ಟ್ರಾನಮಿ' ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತ. ಆಕಾಶ ನಕ್ಷೆಗೆ 'ಸ್ಟೆಲೇರಿಯಂ' ತಂತ್ರಾಂಶವೂ ಕಂಪ್ಯೂಟರಿಗೆ ಉಚಿತ. ಕೇಂದ್ರ ಸರ್ಕಾರದ 'ಸ್ವಯಂ' ತಾಣದ ಕೋರ್ಸ್‌ಗಳಿಗೆ ಶುಲ್ಕವಿಲ್ಲದೆ ಸೇರಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಹಣ ಕಟ್ಟಬೇಕು. ಮುಂಬೈ, ದೆಹಲಿ ಮತ್ತು ಬೆಂಗಳೂರಿನ ನೆಹರೂ ತಾರಾಲಯಗಳು, ಹೈದರಾಬಾದ್ ಮತ್ತು ಚೆನ್ನೈನ ಬಿರ್ಲಾ ತಾರಾಲಯಗಳು ಸಾರ್ವಜನಿಕರಿಗೆ ತೆರೆದಿವೆ. ಪುಣೆಯವರಿಗೆ 'ಅಯುಕಾ' ಸಂಸ್ಥೆ ನಗರದಲ್ಲೇ ಇದೆ. 45 ಮೀಟರ್ ವ್ಯಾಸದ 30 ಆಂಟೆನಾಗಳ ರೇಡಿಯೊ ದೂರದರ್ಶಕ ನಾರಾಯಣಗಾಂವ್ ಸಮೀಪದಲ್ಲಿದೆ.

ಒಂದು ಮಾತು ಸ್ಪಷ್ಟವಿರಲಿ. ಈ ಒಂದು ಕೋರ್ಸ್‌ನಿಂದ ಯಾರೂ ಖಗೋಳ ವಿಜ್ಞಾನಿ ಆಗುವುದಿಲ್ಲ. ಸಂಶೋಧನೆಗೆ ಹೋಗಬೇಕೆಂದರೆ ಭೌತಶಾಸ್ತ್ರ ಮತ್ತು ಗಣಿತದ ಗಟ್ಟಿ ಪದವಿ ಬೇಕು. ಆದರೆ ಬ್ಯಾಂಕ್ ಸೇರುವವರಿಗೂ, ವಕೀಲರಾಗುವವರಿಗೂ ಇದರಿಂದ ಒಂದು ಲಾಭವಿದೆ. ಮುಂದೆ ವಾಟ್ಸ್ಆ್ಯಪ್‌ನಲ್ಲಿ 'ಇಂದು ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ' ಎಂಬ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಅವರು ಒಮ್ಮೆ ಕೇಳುತ್ತಾರೆ: ಇದು ಹೇಗೆ ಗೊತ್ತಾಯಿತು?