ವರ್ಕಿಂಗ್ ಫಾರ್ ವಾಟರ್

ವರ್ಕಿಂಗ್ ಫಾರ್ ವಾಟರ್ (ಅರ್ಥ: ನೀರಿಗಾಗಿ ದುಡಿಮೆ) ಎಂಬುದು ಆಕ್ರಮಣಕಾರಿ ಅನ್ಯದೇಶೀಯ ಸಸ್ಯಗಳನ್ನು ತೆರವುಗೊಳಿಸಲು ದಕ್ಷಿಣ ಆಫ್ರಿಕಾ ಸರ್ಕಾರವು 1995ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ. ಪರ್ವತ ಜಲಾನಯನಗಳು, ರಾಷ್ಟ್ರೀಯ ಉದ್ಯಾನಗಳು, ನದೀತೀರಗಳು ಮೊದಲಾದ ಸಾರ್ವಜನಿಕ ಭೂಮಿಯಲ್ಲಿ ಹಾಗೂ ಒಪ್ಪಂದದ ಮೇರೆಗೆ ಖಾಸಗಿ ಜಮೀನಿನಲ್ಲಿ ಹಬ್ಬಿರುವ ಪರದೇಶದ ಮರಗಿಡಗಳನ್ನು ಕಡಿದು ನದಿಗಳ ಹರಿವನ್ನು ಹೆಚ್ಚಿಸುವುದು ಇದರ ಒಂದು ಗುರಿ. ಆ ಕೆಲಸವನ್ನು ಬಡ ನಿರುದ್ಯೋಗಿಗಳಿಗೆ ಕೊಟ್ಟು ಕೂಲಿಯ ಮೂಲಕ ಆದಾಯ ಒದಗಿಸುವುದು ಇನ್ನೊಂದು ಗುರಿ. ಒಂದೇ ಅನುದಾನದಿಂದ ಈ ಎರಡು ಕಾರ್ಯಗಳನ್ನು ಸಾಧಿಸಲು ಹೊರಟಿದ್ದೇ ಕಾರ್ಯಕ್ರಮದ ಹೆಸರಿಗೂ ನಂತರ ಅದು ಎದುರಿಸಿದ ಟೀಕೆಗೂ ಕಾರಣವಾಯಿತು.

ಹಿನ್ನೆಲೆ

ದಕ್ಷಿಣ ಆಫ್ರಿಕಾ ನೀರಿನ ಕೊರತೆಯ ದೇಶ. ಅದರ ನೈಋತ್ಯ ತುದಿಯ ಕೇಪ್ ಪ್ರದೇಶದಲ್ಲಿ ಫೈನ್‌ಬೋಸ್ ಎಂಬ ಕುರುಚಲು ಸಸ್ಯಸಮುದಾಯವಿದೆ. ಮೊಣಕಾಲೆತ್ತರದಿಂದ ಆಳೆತ್ತರದವರೆಗೆ ಬೆಳೆಯುವ ಈ ಗಿಡಗಳು ಹೀರುವ ನೀರು ಕಡಿಮೆ. ಬೆಟ್ಟದ ಮೇಲೆ ಬಿದ್ದ ಮಳೆಯ ಹೆಚ್ಚಿನ ಪಾಲು ತೊರೆಗಳಿಗೆ ಇಳಿಯುತ್ತದೆ.

ಈ ನೆಲಕ್ಕೆ ಹೊರಗಿನ ಮರಗಳನ್ನು ತಂದವರು ಯುರೋಪಿನ ವಲಸಿಗರು ಮತ್ತು ವಸಾಹತು ಆಡಳಿತ. ಚರ್ಮ ಹದಮಾಡಲು ಬೇಕಾದ ತೊಗಟೆಗಾಗಿ ಆಸ್ಟ್ರೇಲಿಯದ ಬ್ಲ್ಯಾಕ್ ವಾಟಲ್ (ಅಕೇಶಿಯಾ ಮಿಯರ್ನ್ಸಿ) ಬಂದಿತು. ಕೇಪ್ ಟೌನ್ ಹೊರವಲಯದ ಮರಳುದಿಬ್ಬಗಳನ್ನು ಕದಲದಂತೆ ಹಿಡಿದಿಡಲು ಪೋರ್ಟ್ ಜಾಕ್ಸನ್ (ಅಕೇಶಿಯಾ ಸಲಿಗ್ನಾ) ಮತ್ತು ರೋಯ್‌ಕ್ರಾನ್ಸ್ (ಅಕೇಶಿಯಾ ಸೈಕ್ಲಾಪ್ಸ್) ಗಿಡಗಳನ್ನು ನೆಡಲಾಯಿತು. ಮರಮುಟ್ಟಿಗಾಗಿ ಪೈನ್ ಮತ್ತು ನೀಲಗಿರಿ ತೋಪುಗಳು ಎದ್ದವು. ಹೀಗೆ ಒಂದು ಕಾಲದಲ್ಲಿ ಸರ್ಕಾರವೇ ಮುಂದೆ ನಿಂತು ನೆಡಿಸಿದ ಮರಗಳಲ್ಲಿ ಕೆಲವನ್ನು ಕೀಳಿಸಲು ಮುಂದೆ ಸರ್ಕಾರವೇ ಹಣ ತೆಗೆದಿಡಬೇಕಾಯಿತು.

ಮರಗಳಿಂದ ಹೊಳೆಗಳು ಸೊರಗುತ್ತವೆ ಎಂಬ ಶಂಕೆ ಹಳೆಯದು. ಇದನ್ನು ಪರೀಕ್ಷಿಸಲು ಸ್ಟೆಲನ್‌ಬಾಷ್ ಬಳಿಯ ಯೋಂಕರ್ಸ್‌ಹುಕ್ ಕಣಿವೆಯಲ್ಲಿ 1935ರಲ್ಲಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಪೈನ್ ನೆಟ್ಟ ಕಿರುಜಲಾನಯನಗಳ ಹರಿವನ್ನೂ ಫೈನ್‌ಬೋಸ್ ಉಳಿಸಿಕೊಂಡ ಕಿರುಜಲಾನಯನದ ಹರಿವನ್ನೂ ಅಲ್ಲಿ ದಶಕಗಳ ಕಾಲ ಅಳೆಯಲಾಯಿತು. ಮರಗಳು ಬೆಳೆದಂತೆ ತೊರೆಯ ನೀರು ಇಳಿಯುವುದು ಈ ಅಳತೆಗಳಿಂದ ಸ್ಪಷ್ಟವಾಯಿತು. 1970ರ ಪರ್ವತ ಜಲಾನಯನ ಪ್ರದೇಶಗಳ ಕಾಯಿದೆಯ ನಂತರ ಅರಣ್ಯ ಇಲಾಖೆಯು ಕೇಪ್ ಬೆಟ್ಟಗಳಲ್ಲಿ ಕಡಿಯುವ ಕೆಲಸವನ್ನು ಕ್ರಮವಾಗಿ ನಡೆಸಿತ್ತು. 1980ರ ದಶಕದ ಕೊನೆಗೆ ಹೊಣೆ ಪ್ರಾಂತ್ಯಗಳಿಗೆ ವರ್ಗಾವಣೆಯಾಗಿ ಹಣ ಕುಗ್ಗಿತು, ಕೆಲಸ ಕುಂಟಿತು. ಕಡಿದ ಜಾಗಗಳಲ್ಲಿ ಮರಗಳು ಮತ್ತೆ ದಟ್ಟವಾದವು.

ಆರಂಭ

1994ರ ಚುನಾವಣೆಯ ನಂತರ ನೆಲ್ಸನ್ ಮಂಡೇಲಾ ಸರ್ಕಾರದಲ್ಲಿ ಜಲ ವ್ಯವಹಾರ ಮತ್ತು ಅರಣ್ಯ ಸಚಿವರಾದವರು ಕಾದರ್ ಅಸ್ಮಲ್. ಭಾರತೀಯ ಮೂಲದ ಅಸ್ಮಲ್ ವರ್ಣಭೇದ ನೀತಿಯ ಕಾಲದಲ್ಲಿ ದೇಶದ ಹೊರಗಿದ್ದು, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಬೋಧಿಸುತ್ತಿದ್ದರು. ಹೊಸ ಅಣೆಕಟ್ಟು ಕಟ್ಟುವುದಕ್ಕಿಂತ ಜಲಾನಯನದ ಮರಗಳನ್ನು ತೆಗೆಯುವುದರಿಂದ ಅಗ್ಗವಾಗಿ ನೀರು ದೊರೆಯಬಹುದೆಂಬ ಲೆಕ್ಕಾಚಾರವನ್ನು ಕೇಪ್ ಪ್ರಾಂತ್ಯದ ವಿಜ್ಞಾನಿಗಳು ಅವರ ಮುಂದಿಟ್ಟರು. ಆಗ ದೇಶದ ಮುಂದಿದ್ದ ದೊಡ್ಡ ಸಮಸ್ಯೆ ನಿರುದ್ಯೋಗ. ಮರ ಕಡಿಯಲು ಯಂತ್ರಗಳಿಗಿಂತ ಕೈಗಳು ಹೆಚ್ಚು ಬೇಕು ಎಂಬ ಅಂಶವೇ ಪ್ರಸ್ತಾವಕ್ಕೆ ರಾಜಕೀಯ ಬಲ ತಂದಿತು.

ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಕಾರ್ಯಕ್ರಮದ ನಿಧಿಯಿಂದ 2.5 ಕೋಟಿ ರಾಂಡ್ ಮೊದಲ ಅನುದಾನವಾಗಿ ದೊರೆಯಿತು. ಗೈ ಪ್ರೆಸ್ಟನ್ ಅವರ ನೇತೃತ್ವದಲ್ಲಿ 1995ರ ಕೊನೆಯ ತಿಂಗಳುಗಳಲ್ಲಿ ಕೆಲಸ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಕಾರ್ಯಕ್ರಮ ಎಲ್ಲ ಒಂಬತ್ತು ಪ್ರಾಂತ್ಯಗಳಿಗೂ ವಿಸ್ತರಿಸಿ, ವರ್ಷಕ್ಕೆ ಸುಮಾರು 20,000 ಜನರಿಗೆ ಕೆಲಸ ಒದಗಿಸುವ ಮಟ್ಟಕ್ಕೆ ಬೆಳೆಯಿತು. 2000ದಲ್ಲಿ ಅಸ್ಮಲ್ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು.

ಅನುದಾನದ ಸ್ವರೂಪ

ಹಣದ ಮುಖ್ಯ ಮೂಲ ಬಡತನ ನಿವಾರಣೆಗೆ ಮೀಸಲಾದ ಕೇಂದ್ರ ಬಜೆಟ್. 2004ರಿಂದ ಇದು ವಿಸ್ತೃತ ಸಾರ್ವಜನಿಕ ಕಾಮಗಾರಿ ಕಾರ್ಯಕ್ರಮದ ಭಾಗವಾಯಿತು. ಇದಲ್ಲದೆ ನೀರಿನ ಬಳಕೆದಾರರು ತೆರುವ ಜಲಸಂಪನ್ಮೂಲ ನಿರ್ವಹಣಾ ಶುಲ್ಕದ ಒಂದು ಪಾಲೂ ಸೇರುತ್ತದೆ. ಕಾರ್ಯಕ್ರಮದ ಆಡಳಿತ ಮೊದಲು ಜಲ ಇಲಾಖೆಯಲ್ಲಿತ್ತು, ಬಳಿಕ ಪರಿಸರ ಇಲಾಖೆಗೆ ಬಂದಿತು.

ಅನುದಾನ ನೇರವಾಗಿ ಕೂಲಿಕಾರರಿಗೆ ತಲುಪುವುದಿಲ್ಲ. ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ, ಪಶ್ಚಿಮ ಕೇಪ್‌ನ ಕೇಪ್‌ನೇಚರ್ ಮೊದಲಾದ ಭೂನಿರ್ವಹಣಾ ಸಂಸ್ಥೆಗಳು ಅನುಷ್ಠಾನ ಸಂಸ್ಥೆಗಳಾಗಿ ಹಣ ಪಡೆಯುತ್ತವೆ. ಅವು ತಮ್ಮ ಪ್ರದೇಶವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿ ಯಾವ ಜಾತಿಯ ಗಿಡ, ಎಷ್ಟು ದಟ್ಟ, ಎಷ್ಟು ವಯಸ್ಸು, ಇಳಿಜಾರು ಎಷ್ಟು ಎಂಬುದನ್ನು ದಾಖಲಿಸುತ್ತವೆ. ಅದರ ಮೇಲೆ ಹೆಕ್ಟೇರಿಗೆ ಇಷ್ಟು ಆಳುದಿನ ಎಂದು ಲೆಕ್ಕ ಹಾಕಿ ಗುತ್ತಿಗೆ ಕೊಡಲಾಗುತ್ತದೆ. ಗುತ್ತಿಗೆದಾರರು ಹೊರಗಿನ ದೊಡ್ಡ ಉದ್ಯಮಿಗಳಲ್ಲ. ಹಿಂದೆ ಕೆಲಸವಿಲ್ಲದೆ ಇದ್ದು, ಈ ಕಾರ್ಯಕ್ರಮದಲ್ಲೇ ತರಬೇತಿ ಪಡೆದು ಹತ್ತು ಹನ್ನೆರಡು ಜನರ ತಂಡ ಕಟ್ಟಿಕೊಂಡ ಸ್ಥಳೀಯರೇ ಹೆಚ್ಚು. ಕೂಲಿಯ ದಿನಗಳಲ್ಲಿ 60 ಶೇಕಡ ಮಹಿಳೆಯರಿಗೆ ಸಲ್ಲಬೇಕೆಂಬ ಗುರಿಯನ್ನು ಇರಿಸಲಾಗಿತ್ತು. ಯುವಜನರಿಗೂ ಅಂಗವಿಕಲರಿಗೂ ಪ್ರತ್ಯೇಕ ಪಾಲು ನಿಗದಿಯಾಗಿತ್ತು.

ತೆರವಿನ ವಿಧಾನ

ದೊಡ್ಡ ಮರಗಳನ್ನು ಯಾಂತ್ರಿಕ ಗರಗಸದಿಂದ ಉರುಳಿಸುವುದು ಅಥವಾ ಬುಡದ ಸುತ್ತ ತೊಗಟೆ ಸುಲಿದು ನಿಂತಲ್ಲೇ ಒಣಗಿಸುವುದು ರೂಢಿ. ಮತ್ತೆ ಚಿಗುರುವ ಜಾತಿಗಳ ಕೊರಡಿಗೆ ಕಳೆನಾಶಕ ಬಳಿಯುತ್ತಾರೆ. ಎಳೆಯ ಸಸಿಗಳನ್ನು ಕೈಯಿಂದಲೇ ಕೀಳುತ್ತಾರೆ.

ಕಡಿಯುವುದು ಕೆಲಸದ ಆರಂಭ ಮಾತ್ರ. ಆಸ್ಟ್ರೇಲಿಯದ ಅಕೇಶಿಯಾಗಳ ಗಟ್ಟಿ ಬೀಜಗಳು ಮಣ್ಣಿನಲ್ಲಿ ದಶಕಗಳವರೆಗೆ ಜೀವ ಹಿಡಿದಿರುತ್ತವೆ. ಬೆಂಕಿ ತಗುಲಿದರೆ ಅವು ನಾಶವಾಗುವ ಬದಲು ಒಟ್ಟೊಟ್ಟಿಗೆ ಮೊಳೆಯುತ್ತವೆ. ಫೈನ್‌ಬೋಸ್ ಸಹಜವಾಗಿಯೇ ಆಗಾಗ ಉರಿಯುವ ಸಸ್ಯಸಮುದಾಯವಾದುದರಿಂದ ಬೆಂಕಿಯನ್ನು ಪೂರ್ತಿ ತಪ್ಪಿಸುವಂತೆಯೂ ಇಲ್ಲ. ಉರುಳಿಸಿದ ದಿಮ್ಮಿಗಳನ್ನು ಸ್ಥಳದಲ್ಲೇ ಬಿಟ್ಟರೆ ಮುಂದಿನ ಕಾಳ್ಗಿಚ್ಚು ಇನ್ನಷ್ಟು ತೀವ್ರವಾಗಿ ಮಣ್ಣು ಸುಡುತ್ತದೆ. ಆದ್ದರಿಂದ ಮೊದಲ ತೆರವಿನ ನಂತರ ಒಂದೆರಡು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹೊಸ ಸಸಿಗಳನ್ನು ತೆಗೆಯಬೇಕು. ಒಂದು ಸರದಿ ತಪ್ಪಿದರೂ ಸಸಿಗಳು ಬೆಳೆದು ಬೀಜ ಬಿಡುವ ಹಂತ ತಲುಪಿ, ಹಿಂದೆ ಹಾಕಿದ ಹಣವೆಲ್ಲ ವ್ಯರ್ಥವಾಗುತ್ತದೆ.

ಕಡಿದ ಮರದ ಸ್ವಲ್ಪ ಭಾಗ ಸೌದೆಯಾಗಿ ಮಾರಾಟವಾಗುತ್ತದೆ. ಇಂತಹ ಮರದಿಂದ ಶಾಲಾ ಮೇಜುಗಳನ್ನೂ ಅಗ್ಗದ ಶವಪೆಟ್ಟಿಗೆಗಳನ್ನೂ ತಯಾರಿಸುವ ಕಾರ್ಖಾನೆಗಳನ್ನು ಸರ್ಕಾರ ತೆರೆದಿತ್ತು.

ಕಾನೂನು

2004ರ ರಾಷ್ಟ್ರೀಯ ಜೀವವೈವಿಧ್ಯ ಕಾಯಿದೆಯು ಪ್ರತಿ ಸರ್ಕಾರಿ ಸಂಸ್ಥೆಯೂ ತನ್ನ ಅಧೀನದ ಭೂಮಿಯಲ್ಲಿನ ಆಕ್ರಮಣಕಾರಿ ಜೀವಿಗಳ ನಿಯಂತ್ರಣಕ್ಕೆ ಯೋಜನೆ ಸಿದ್ಧಪಡಿಸಬೇಕೆಂದು ವಿಧಿಸಿತು. ಇದರಡಿ 2014ರಲ್ಲಿ ಜಾರಿಗೆ ಬಂದ ನಿಯಮಗಳು ಜೀವಿಗಳನ್ನು ವರ್ಗೀಕರಿಸಿದವು. ಕಂಡಲ್ಲಿ ನಿರ್ಮೂಲ ಮಾಡಬೇಕಾದವು 1ಎ ವರ್ಗಕ್ಕೆ, ಹರಡದಂತೆ ನಿಯಂತ್ರಿಸಬೇಕಾದವು 1ಬಿ ವರ್ಗಕ್ಕೆ ಸೇರುತ್ತವೆ. ಪರವಾನಗಿ ಪಡೆದು ಬೆಳೆಸಬಹುದಾದವು 2ನೇ ವರ್ಗದಲ್ಲಿವೆ. ಈಗಿರುವುದನ್ನು ಷರತ್ತಿನ ಮೇಲೆ ಉಳಿಸಿಕೊಳ್ಳಬಹುದಾದರೂ ಹೊಸದಾಗಿ ನೆಡಬಾರದಂತಹವು 3ನೇ ವರ್ಗದಲ್ಲಿವೆ. ಬ್ಲ್ಯಾಕ್ ವಾಟಲ್ ಹೊಳೆದಂಡೆಯಲ್ಲಿ ಉಪದ್ರವ, ತೋಟಗಾರನಿಗೆ ಬೆಳೆ, ಹಳ್ಳಿಯ ಮನೆಗೆ ಸೌದೆ. ಇಂತಹ ಗಿಡಗಳಿಗಾಗಿಯೇ 2ನೇ ವರ್ಗ ಬೇಕಾಯಿತು.

ನೀರಿನ ಲೆಕ್ಕ

1998ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ ಸುಮಾರು 1 ಕೋಟಿ ಹೆಕ್ಟೇರ್ ಪ್ರದೇಶದಲ್ಲಿ ಆಕ್ರಮಣಕಾರಿ ಸಸ್ಯಗಳು ಹೆಚ್ಚು ಕಡಿಮೆ ದಟ್ಟಣೆಯಲ್ಲಿ ಹಬ್ಬಿದ್ದವು. ಅವು ವರ್ಷಕ್ಕೆ 330 ಕೋಟಿ ಘನ ಮೀಟರ್ ನೀರನ್ನು, ಎಂದರೆ ದೇಶದ ವಾರ್ಷಿಕ ಸರಾಸರಿ ಹರಿವಿನ 6.7 ಶೇಕಡದಷ್ಟನ್ನು, ಕಡಿತಗೊಳಿಸುತ್ತಿದ್ದವು. ಕರ್ನಾಟಕದಲ್ಲಿ ಬಳಕೆಯಲ್ಲಿರುವ ಟಿಎಂಸಿ ಅಳತೆಯಲ್ಲಿ ಇದು 116ಕ್ಕೂ ಹೆಚ್ಚು. ಕೃಷ್ಣರಾಜಸಾಗರವನ್ನು ಎರಡು ಬಾರಿ ತುಂಬಿಸಿದರೂ ಮಿಗುವಷ್ಟು ನೀರು ಅದು. 2016ರ ಪರಿಷ್ಕೃತ ಅಂದಾಜು ಈ ನಷ್ಟವನ್ನು ಸುಮಾರು 144 ಕೋಟಿ ಘನ ಮೀಟರಿಗೆ, 2.9 ಶೇಕಡಕ್ಕೆ ಇಳಿಸಿತು. ಎರಡು ಅಂದಾಜುಗಳ ಸಮೀಕ್ಷಾ ವಿಧಾನವೂ ಗಣಿತ ಮಾದರಿಯೂ ಬೇರೆಯಾದುದರಿಂದ, ಈ ಇಳಿಕೆಯನ್ನು ತೆರವು ಕಾರ್ಯದ ಫಲವೆಂದು ಓದುವುದು ತಪ್ಪಾಗುತ್ತದೆ.

ಮೌಲ್ಯಮಾಪನ ಮತ್ತು ಟೀಕೆ

ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ತೆರವು ನಡೆದಿದೆ ಎಂದು ಸರ್ಕಾರ ಹೇಳಿಕೊಂಡಿದೆ. ಕೂಲಿ ಮನೆಮನೆಗೆ ತಲುಪಿದ್ದರ ಬಗ್ಗೆ ವಿವಾದ ಕಡಿಮೆ. ಗಿಡಗಳು ಕಡಿಮೆಯಾದವೇ ಎಂಬುದೇ ಪ್ರಶ್ನೆ. ಸ್ಟೆಲನ್‌ಬಾಷ್ ವಿಶ್ವವಿದ್ಯಾಲಯದೊಂದಿಗೆ ನಂಟುಳ್ಳ ಬ್ರಯನ್ ವಾನ್ ವಿಲ್ಗನ್ ಮತ್ತು ಸಹಲೇಖಕರು 2012ರಲ್ಲಿ ಮೊದಲ 15 ವರ್ಷಗಳ ಫಲಿತಾಂಶವನ್ನು ಪರಿಶೀಲಿಸಿದರು. ಕಾರ್ಯಕ್ರಮ ಆರಂಭವಾಗುವಾಗ ಅದಕ್ಕೆ ಆಧಾರವಾದ ಸಂಶೋಧನೆಯಲ್ಲೂ ವಾನ್ ವಿಲ್ಗನ್ ಪಾಲ್ಗೊಂಡಿದ್ದರು. ಹೀಗಾಗಿ ಅವರ ಮಾತಿಗೆ ತೂಕ ಬಂದಿತು. 320 ಕೋಟಿ ರಾಂಡ್ ವೆಚ್ಚವಾಗಿದ್ದರೂ ಹಲವು ಜಾತಿಗಳ ವಿಷಯದಲ್ಲಿ ಕೆಲಸವು ಆಕ್ರಮಿತ ಪ್ರದೇಶದ ಸಣ್ಣ ಭಾಗವನ್ನಷ್ಟೇ ಮುಟ್ಟಿತ್ತು. ಅನೇಕ ಕಡೆ ಆಕ್ರಮಣ ಹೆಚ್ಚಿದಂತೆಯೇ ಕಂಡಿತು. ಎಲ್ಲ ಜಾತಿಗಳನ್ನೂ ಎಲ್ಲ ಕಡೆಯೂ ಕಡಿಯಲು ಹೊರಡುವ ಬದಲು ಆದ್ಯತೆಯ ಜಾತಿ ಮತ್ತು ಪ್ರದೇಶಗಳನ್ನು ಆರಿಸಿಕೊಳ್ಳಬೇಕು, ಗುರಿ ಇಟ್ಟು ಅಳೆಯಬೇಕು ಎಂಬುದು ಅವರ ಸಲಹೆ.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಪೂರ್ವ ಕೇಪ್‌ನ ಕ್ರೋಮ್ ಮತ್ತು ಕೌಗಾ ಜಲಾನಯನಗಳನ್ನು ಪರಿಶೀಲಿಸಿತು. ಆಗಿನ ಹಣ ಮತ್ತು ವೇಗದಲ್ಲಿ, ಗಿಡಗಳು ಇನ್ನು ಒಂದಿಷ್ಟೂ ಹರಡುವುದಿಲ್ಲವೆಂದು ಭಾವಿಸಿದರೂ, ಕ್ರೋಮ್ ತೆರವಾಗಲು 54 ವರ್ಷ, ಕೌಗಾ ತೆರವಾಗಲು 695 ವರ್ಷ ಬೇಕಾಗುತ್ತದೆಂದು ಅದು ಲೆಕ್ಕ ಹಾಕಿತು.

ಇದಕ್ಕೆ ಕಾರಣಗಳು ಬಹುಮಟ್ಟಿಗೆ ಅನುದಾನದ ಸ್ವರೂಪದಲ್ಲೇ ಇವೆ. ಹಣ ಬರುವುದು ಬಡತನ ನಿವಾರಣೆಯ ಲೆಕ್ಕದಲ್ಲಿ. ಆದ್ದರಿಂದ ಸಾಧನೆಯನ್ನು ಎಷ್ಟು ಆಳುದಿನ, ಎಷ್ಟು ಕೂಲಿ ಎಂದು ಅಳೆಯಲಾಯಿತೇ ಹೊರತು ಎಷ್ಟು ಗಿಡ ಉಳಿಯಿತು ಎಂದಲ್ಲ. ಬಡತನ ಹೆಚ್ಚಿರುವ ಊರುಗಳೂ ನೀರಿಗೆ ಮುಖ್ಯವಾದ ಜಲಾನಯನಗಳೂ ಒಂದೇ ಕಡೆ ಇರಬೇಕೆಂದಿಲ್ಲ. ಬಜೆಟ್ ಆರ್ಥಿಕ ವರ್ಷವನ್ನು ಅನುಸರಿಸುತ್ತದೆ, ಮೊಳಕೆ ಮಳೆ ಮತ್ತು ಬೆಂಕಿಯನ್ನು ಅನುಸರಿಸುತ್ತದೆ. ಗುತ್ತಿಗೆಗಳ ಮಂಜೂರಾತಿ ತಡವಾದರೆ ಮರುತೆರವಿನ ಸರದಿ ತಪ್ಪುತ್ತದೆ. ಸಾರ್ವಜನಿಕ ಕಾಮಗಾರಿ ನಿಯಮಗಳು ಆರಂಭದ ವರ್ಷಗಳಲ್ಲಿ ಒಬ್ಬ ವ್ಯಕ್ತಿಗೆ ಐದು ವರ್ಷಗಳಲ್ಲಿ 24 ತಿಂಗಳಿಗಿಂತ ಹೆಚ್ಚು ಕೆಲಸ ಕೊಡುವುದನ್ನು ನಿರ್ಬಂಧಿಸಿದ್ದವು. ಅವಕಾಶ ಹೆಚ್ಚು ಜನರಿಗೆ ಹಂಚಿಕೆಯಾಗಲಿ ಎಂಬ ಉದ್ದೇಶ ಅದರ ಹಿಂದಿತ್ತು. ಆದರೆ ಗರಗಸ ಹಿಡಿದು ಪಳಗಿದ ಕೈ ಹೊರಹೋಗಿ ಹೊಸಬರಿಗೆ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತಿತ್ತು. ಇಷ್ಟಾದರೂ, ಉದ್ಯೋಗದ ಭರವಸೆ ಇಲ್ಲದಿದ್ದರೆ ಕಳೆ ಕೀಳುವುದಕ್ಕೆ ಖಜಾನೆಯಿಂದ ಇಷ್ಟು ಹಣ ಇಷ್ಟು ವರ್ಷ ಹರಿಯುತ್ತಿರಲಿಲ್ಲ ಎಂಬುದನ್ನು ಟೀಕಾಕಾರರೂ ಒಪ್ಪುತ್ತಾರೆ.

ಜೈವಿಕ ನಿಯಂತ್ರಣ

2012ರ ಪರಿಶೀಲನೆಯು ಹೆಚ್ಚು ಯಶಸ್ಸು ಕಂಡದ್ದು ಜೈವಿಕ ನಿಯಂತ್ರಣದಲ್ಲಿ, ಎಂದರೆ ಗಿಡದ ತವರಿನಿಂದ ಅದರ ಸಹಜ ಶತ್ರುಗಳನ್ನು ಪರೀಕ್ಷಿಸಿ ತಂದು ಬಿಡುವ ವಿಧಾನದಲ್ಲಿ. ಇದಕ್ಕೆ ಕೂಲಿ ಹೆಚ್ಚು ಬೇಡದ ಕಾರಣ ಉದ್ಯೋಗದ ಅನುದಾನದಲ್ಲಿ ಇದರ ಪಾಲು ಚಿಕ್ಕದಾಗಿಯೇ ಉಳಿಯಿತು. ಪೋರ್ಟ್ ಜಾಕ್ಸನ್ ಗಿಡದ ಮೇಲೆ 1987ರಲ್ಲಿ ಬಿಟ್ಟ ತುಕ್ಕುಶಿಲೀಂಧ್ರವು ರೆಂಬೆಗಳಲ್ಲಿ ಗಂಟು ಕಟ್ಟಿಸಿ ಮರವನ್ನು ಕುಗ್ಗಿಸುತ್ತದೆ.

ದಕ್ಷಿಣ ಆಫ್ರಿಕಾದ ಮೊದಲ ಇಂತಹ ಪ್ರಯೋಗ 1913ರದು. ಪಾಪಸುಕಳ್ಳಿಯ ಒಂದು ಜಾತಿಯ ಮೇಲೆ ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್ ಎಂಬ ಕೀಟವನ್ನು ಬಿಡಲಾಯಿತು. ಈ ಕೀಟಕ್ಕೆ ಭಾರತದ ಇತಿಹಾಸವೂ ಇದೆ. ಕೆಂಬಣ್ಣ ಕೊಡುವ ನಿಜವಾದ ಕಾಚಿನೀಲ್ ಕೀಟವೆಂದು ಭಾವಿಸಿ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದದ್ದು ಇದನ್ನೇ. ನಿರೀಕ್ಷಿಸಿದ ಬಣ್ಣ ಸಿಗಲಿಲ್ಲ, ಕಳ್ಳಿ ಮಾತ್ರ ಸಾಯತೊಡಗಿತು.

ಕೇಪ್ ಟೌನ್ ಬರ

2015ರಿಂದ 2018ರವರೆಗಿನ ಬರದಲ್ಲಿ ಕೇಪ್ ಟೌನ್ ನಗರದ ಜಲಾಶಯಗಳು ಬರಿದಾಗುತ್ತ ಬಂದವು. 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ವಿಧಿಸಲಾಯಿತು. ನಲ್ಲಿಗಳನ್ನು ಮುಚ್ಚುವ 'ಶೂನ್ಯದಿನ' ಕೊನೆಗೂ ಬರಲಿಲ್ಲ. ನಗರಕ್ಕೆ ನೀರುಣಿಸುವ ಜಲಾನಯನಗಳಲ್ಲಿ ಪೈನ್, ಅಕೇಶಿಯಾ ಮುಂತಾದ ಮರಗಳು ವರ್ಷಕ್ಕೆ 5,500 ಕೋಟಿ ಲೀಟರ್, ಎಂದರೆ ಸುಮಾರು ಎರಡು ತಿಂಗಳ ಪೂರೈಕೆಯಷ್ಟು ನೀರನ್ನು ಕಬಳಿಸುತ್ತಿವೆ ಎಂಬ ಅಂದಾಜು ಆಗ ವ್ಯಾಪಕ ಗಮನ ಸೆಳೆಯಿತು. 2018ರ ನವೆಂಬರಿನಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯ ಮುಂದಾಳತ್ವದಲ್ಲಿ ಗ್ರೇಟರ್ ಕೇಪ್ ಟೌನ್ ಜಲನಿಧಿ ಸ್ಥಾಪನೆಯಾಯಿತು. ಇದು ಸರ್ಕಾರಿ ಅನುದಾನದ ಜೊತೆ ಖಾಸಗಿ ದೇಣಿಗೆಯನ್ನೂ ಕೂಡಿಸಿ, ಆಯ್ದ ಜಲಾನಯನಗಳಿಗೆ ಮಾತ್ರ ಹಣ ತೊಡಗಿಸುತ್ತದೆ. ಕಾಲುದಾರಿಯಿಲ್ಲದ ಕಡಿದಾದ ಇಳಿಜಾರುಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಪೈನ್ ಕಡಿಯುವ ತರಬೇತಿ ಪಡೆದ ತಂಡಗಳು ಇದರಡಿ ದುಡಿಯುತ್ತಿವೆ.

ಭಾರತದೊಂದಿಗೆ ಹೋಲಿಕೆ

ಕಾರ್ಯಕ್ರಮದ ಪಟ್ಟಿಯಲ್ಲಿರುವ ಕೆಲವು ಗಿಡಗಳು ಕರ್ನಾಟಕದಲ್ಲೂ ಪರಿಚಿತ. ಲಂಟಾನ ಎರಡೂ ಕಡೆ ಇದೆ. ಅಲ್ಲಿನ ಒಣನಾಡಿನ ಮೆಸ್ಕೀಟ್ ಮರಗಳು ಬಳ್ಳಾರಿ ಜಾಲಿಯ ಹತ್ತಿರದ ಬಂಧುಗಳು. 2020ರ ಅಧ್ಯಯನವೊಂದು ಭಾರತದ ಹುಲಿ ನೆಲೆಗಳಲ್ಲಿ 1,54,000 ಚದರ ಕಿಲೋಮೀಟರ್ ಕಾಡಿನಲ್ಲಿ ಲಂಟಾನ ಹಬ್ಬಿದೆ ಎಂದು ಅಂದಾಜಿಸಿತು. ಇದು ಆ ನೆಲೆಗಳ 40 ಶೇಕಡಕ್ಕೂ ಹೆಚ್ಚು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಹೆಣೆದು ಮಾರುತ್ತಾರೆ. ದಕ್ಷಿಣ ಆಫ್ರಿಕಾದ ಶಾಲಾ ಮೇಜುಗಳಂತೆಯೇ ಇಲ್ಲಿಯೂ ಹೀಗೆ ಬಳಕೆಯಾಗುವುದು ಹಬ್ಬಿರುವುದರ ಅತಿ ಚಿಕ್ಕ ಅಂಶ.